ಪೌಡರ್ ಕೋಟಿಂಗ್ ಅಂದರೇನು? ಮನೆಯಲ್ಲಿ ಕಲಿಯುವವರಿಗೆ ಒಂದು ಪರಿಚಯ

ಸ್ಟೀಲ್ ಬೀರು, ಅಲ್ಯೂಮಿನಿಯಂ ಕಿಟಕಿ, ಬೈಕಿನ ಚಾಸಿ. ಇವುಗಳ ಮೇಲೆ ಬ್ರಷ್ಷಿನ ಗುರುತಾಗಲಿ, ಸೋರಿದ ಗೆರೆಯಾಗಲಿ ಇಲ್ಲದ ಗಟ್ಟಿ ಬಣ್ಣ ಇರುತ್ತದಲ್ವಾ? ಅದು ಹೆಚ್ಚಾಗಿ ಪೌಡರ್ ಕೋಟಿಂಗ್. ಒಣ ಬಣ್ಣದ ಪುಡಿಗೆ ವಿದ್ಯುತ್ ಚಾರ್ಜ್ ಕೊಟ್ಟು ಲೋಹದ ಮೇಲೆ ಕೂರಿಸಿ, ಆಮೇಲೆ ಓವನ್ನಿನಲ್ಲಿ ಬೇಯಿಸುವ ವಿಧಾನ ಇದು. ಇದರಲ್ಲಿ ಥಿನ್ನರ್ ಇಲ್ಲ, ಗಾಳಿಗೆ ಒಣಗುವ ಮಾತೂ ಇಲ್ಲ.

ಈ ಪುಡಿ ಸುಮ್ನೆ ಬಣ್ಣದ ಪುಡಿಯಲ್ಲ. ರಾಳ, ಬಣ್ಣ, ಗಟ್ಟಿಯಾಗಿಸುವ ಹಾರ್ಡನರ್ ಎಲ್ಲವನ್ನೂ ಒಟ್ಟಿಗೆ ಕರಗಿಸಿ ಬೆರೆಸಿ, ತಣಿಸಿ, ನುಣ್ಣಗೆ ಅರೆದಿರುತ್ತಾರೆ. 1950ರ ದಶಕದಲ್ಲಿ ಜರ್ಮನಿಯ ಎರ್ವಿನ್ ಗೆಮ್ಮರ್, ಗಾಳಿಯಿಂದ ತೇಲುವ ಪುಡಿಯೊಳಗೆ ಬಿಸಿ ಲೋಹ ಅದ್ದುವ ವಿಧಾನ ರೂಪಿಸಿದರು. ಪುಡಿಗೆ ಚಾರ್ಜ್ ಕೊಟ್ಟು ಸಿಂಪಡಿಸುವ, ಈಗ ಎಲ್ಲೆಡೆ ಬಳಕೆಯಲ್ಲಿರುವ ಗನ್ ಬಂದದ್ದು ಅದಾದ ಮೇಲೆ, 1960ರ ದಶಕದಲ್ಲಿ.

ಗನ್ನಿನ ತುದಿಯಲ್ಲಿ ಹೈ ವೋಲ್ಟೇಜ್ ಇರುತ್ತದೆ. ಕಾರ್ಖಾನೆಯ ಗನ್ನುಗಳಲ್ಲಿ ಅದು 100 ಕಿಲೋವೋಲ್ಟ್‌ವರೆಗೂ ಹೋಗುತ್ತದೆ. ಮನೆ ಬಳಕೆಯ ಗನ್ನುಗಳಲ್ಲಿ ತುಂಬಾ ಕಡಿಮೆ. ಲೋಹದ ಭಾಗಕ್ಕೆ ಅರ್ಥಿಂಗ್ ಕೊಟ್ಟಿರುವುದರಿಂದ ಚಾರ್ಜ್ ಆದ ಪುಡಿ ಅದರತ್ತ ಎಳೆದುಕೊಂಡು ಹೋಗುತ್ತದೆ. ಬೈಕಿನ ಫುಟ್‌ರೆಸ್ಟ್ ಬ್ರಾಕೆಟ್ ಒಂದನ್ನು ತಂತಿಯಲ್ಲಿ ತೂಗುಹಾಕಿ ಎದುರಿನಿಂದ ಹೊಡೆದು ನೋಡಿ. ಪುಡಿ ಸುತ್ತಿಕೊಂಡು ಹೋಗಿ ಹಿಂಬದಿಯ ಅಂಚಿಗೂ ಅಂಟಿರುತ್ತದೆ. ಆದರೆ ಒಳಮೂಲೆಗಳು ಬೋಳಾಗಿಯೇ ಉಳಿಯುತ್ತವೆ. ಚಾರ್ಜ್ ಹೊರ ಅಂಚುಗಳತ್ತಲೇ ಸೆಳೆಯುವುದರಿಂದ ಪುಡಿ ಒಳಗೆ ಇಳಿಯುವುದಿಲ್ಲ. ಇದನ್ನು ಫ್ಯಾರಡೆ ಕೇಜ್ ಎಫೆಕ್ಟ್ ಅನ್ನುತ್ತಾರೆ. ಮೊದಲು ಮೂಲೆಗಳಿಗೇ ಹೊಡೆಯಬೇಕು, ಗಾಳಿಯ ಒತ್ತಡ ಕಡಿಮೆ ಇಡಬೇಕು, ಗನ್ನಿನಲ್ಲಿ ಸೌಲಭ್ಯ ಇದ್ದರೆ ವೋಲ್ಟೇಜನ್ನೂ ಇಳಿಸಬೇಕು. ತೂಗುಹಾಕುವ ಕೊಕ್ಕೆಯ ಮೇಲೂ ಕಣ್ಣಿರಲಿ. ಹಿಂದಿನ ಸಲದ ಕೋಟಿಂಗ್ ಅದರ ಮೇಲೆ ಕೂತಿದ್ದರೆ ಅರ್ಥಿಂಗ್ ಕಡಿದುಹೋಗುತ್ತದೆ, ಪುಡಿ ಸರಿಯಾಗಿ ಹಿಡಿಯುವುದಿಲ್ಲ.

ಇಷ್ಟಾದರೂ ಅದಿನ್ನೂ ಕೋಟಿಂಗ್ ಅಲ್ಲ, ಬೆರಳಲ್ಲಿ ಒರೆಸಿದರೆ ಹೋಗುವ ಪುಡಿ. ಅದು ಕೋಟಿಂಗ್ ಆಗುವುದು ಕ್ಯೂರಿಂಗ್‌ನಲ್ಲಿ, ಅಂದರೆ ಓವನ್ನಿನಲ್ಲಿ ಬೇಯಿಸುವಾಗ. ಮನೆಯಲ್ಲಿ ಕಲಿಯುವವರು ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದೂ ಇಲ್ಲೇ ಅಂತ ನನ್ನ ಅಭಿಪ್ರಾಯ. ಬಿಸಿಗೆ ಪುಡಿ ಮೊದಲು ಕರಗಿ ಹರಡಿಕೊಂಡು ಒದ್ದೆ ಹೊಳಪು ತಾಳುತ್ತದೆ. ಆಮೇಲೆ ರಾಳ ಮತ್ತು ಹಾರ್ಡನರ್ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಸುಟ್ಟ ಇಟ್ಟಿಗೆ ಮತ್ತೆ ಹಸಿಮಣ್ಣಾಗದ ಹಾಗೆ, ಪೂರ್ತಿ ಬೆಸೆದ ಪದರ ಮತ್ತೆ ಬಿಸಿ ಮಾಡಿದರೂ ಕರಗುವುದಿಲ್ಲ.

ಪುಡಿಯ ಡಬ್ಬಿಯ ಮೇಲೆ 200 ಡಿಗ್ರಿ, 10 ನಿಮಿಷ ಅಂತ ಇದ್ದರೆ, ಆ 200 ಡಿಗ್ರಿ ಲೋಹದ ಬಿಸಿ. ಓವನ್ನಿನ ಗುಂಡಿ ತೋರಿಸುವ ಬಿಸಿ ಅಲ್ಲ. ತೆಳು ತಗಡು ಬೇಗ ಕಾಯುತ್ತದೆ, ದಪ್ಪ ಬ್ರಾಕೆಟ್ ನಿಧಾನ. ಲೋಹ ಅಷ್ಟು ಬಿಸಿಗೆ ಬಂದ ಮೇಲೇ ಆ 10 ನಿಮಿಷದ ಲೆಕ್ಕ ಶುರು. ಹೊಳಪು ಬಂತೆಂದು ಬೇಗ ತೆಗೆದರೆ ನೋಡಲು ಚೆನ್ನಾಗಿಯೇ ಇರುತ್ತದೆ, ಸಣ್ಣ ಪೆಟ್ಟಿಗೆ ಚಕ್ಕೆ ಏಳುತ್ತದೆ. ತಣ್ಣಗಾದ ಮೇಲೆ ಕಾಣದ ಜಾಗದಲ್ಲಿ ಥಿನ್ನರ್ ಬಟ್ಟೆಯಿಂದ ಉಜ್ಜಿ ನೋಡಿ. ಮೇಲ್ಮೈ ಮೆತ್ತಗಾಗಿ ಬಣ್ಣ ಬಟ್ಟೆಗೆ ಹತ್ತಿದರೆ ಇನ್ನೂ ಬೆಂದಿಲ್ಲ, ಮತ್ತೆ ಓವನ್ನಿಗೆ ಹಾಕಿ.

ರಾಳ ಯಾವುದು ಅನ್ನುವುದರ ಮೇಲೆ ಪುಡಿಯಲ್ಲೂ ಬಗೆಗಳಿವೆ. ಎಪಾಕ್ಸಿ ರಾಳದ ಪುಡಿ ಬಿಸಿಲಿಗೆ ಮಾಸಿ ಹಳದಿಯಾಗುತ್ತದೆ. ಹೊರಗೆ ಇರುವ ವಸ್ತುವಿಗೆ ಪಾಲಿಯೆಸ್ಟರ್ ಪುಡಿಯೇ ಬೇಕು. ರಬ್ಬರ್ ಬುಷ್, ಬೇರಿಂಗ್, ಪ್ಲಾಸ್ಟಿಕ್ ಎಲ್ಲ ಮೊದಲೇ ಬಿಚ್ಚಿಡಿ. ಬೆಸುಗೆಗೆ ಸೀಸ ಹಾಕಿರುವ ವಸ್ತುವನ್ನಂತೂ ಓವನ್ನಿಗೆ ಇಡಲೇಬೇಡಿ, ಆ ಬಿಸಿಗೆ ಬೆಸುಗೆಯೇ ಕರಗುತ್ತದೆ. ಜಿಡ್ಡು, ತುಕ್ಕು ಚೂರೂ ಉಳಿಯಬಾರದು. ಎರಕದ ಅಲ್ಯೂಮಿನಿಯಂ ಆದರೆ ಪುಡಿ ಹಾಕುವ ಮೊದಲು ಬರಿ ಲೋಹವನ್ನೇ ಒಮ್ಮೆ ಕಾಯಿಸಿ. ಇಲ್ಲದಿದ್ದರೆ ಒಳಗಿನ ಗಾಳಿ ಮತ್ತು ಎಣ್ಣೆ ಆಮೇಲೆ ಗುಳ್ಳೆಯಾಗಿ ಎದ್ದು ಸೂಜಿತೂತು ಬೀಳುತ್ತದೆ.

ಸಣ್ಣ ಭಾಗಗಳಿಗೆ ಕರೆಂಟಿನ ಹಳೇ ಓಟಿಜಿ (ಕೇಕ್ ಬೇಯಿಸುವ ಪುಟ್ಟ ಓವನ್) ಸಾಕು. ಒಮ್ಮೆ ಇದಕ್ಕೆ ಬಳಸಿದ ಮೇಲೆ ಅದರಲ್ಲಿ ಅಡುಗೆ ಮಾಡಲೇಬಾರದು. ಗಾಳಿಯಲ್ಲಿ ತೇಲುವ ಪುಡಿಗೆ ಕಿಡಿ ತಾಗಿದರೆ ಭಗ್ಗೆಂದು ಹತ್ತಿಕೊಳ್ಳಬಹುದು, ಹಾಗಾಗಿ ಗ್ಯಾಸ್ ಒಲೆ, ಬೀಡಿ, ಸಿಗರೇಟು ಹತ್ತಿರ ಬೇಡ. ಮಾಸ್ಕ್ ಇಲ್ಲದೆ ಗನ್ ಹಿಡಿಯಬೇಡಿ.

ಬೈಕಿನ ಚಾಸಿಯಂಥದ್ದು ಮನೆಯ ಓವನ್ನಿನಲ್ಲಿ ಹಿಡಿಯುವುದಿಲ್ಲ. ಅದಕ್ಕೆ ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದ ಅಂಗಡಿಗೇ ಹೋಗಬೇಕು. ಅಲ್ಲಿ ರೇಟು ಕೇಳುವ ಮೊದಲು ಎರಡು ವಿಷಯ ಕೇಳಿ: ಪುಡಿ ಹಾಕುವ ಮುಂಚೆ ಫಾಸ್ಫೇಟಿಂಗ್ (ತುಕ್ಕು ತಡೆಯಲು, ಕೋಟಿಂಗ್ ಗಟ್ಟಿಯಾಗಿ ಹಿಡಿಯಲು ಲೋಹಕ್ಕೆ ಕೊಡುವ ರಾಸಾಯನಿಕ ಪದರ) ಮಾಡ್ತೀರಾ, ಕ್ಯೂರಿಂಗ್ ಸಮಯವನ್ನು ಯಾವಾಗಿನಿಂದ ಲೆಕ್ಕ ಹಾಕ್ತೀರಾ?