ಅಲಾಯ್ ವೀಲ್‌ಗೆ ಕೈಯಲ್ಲೇ ಪಾಲಿಶ್: ಸ್ಯಾಂಡ್‌ಪೇಪರ್ ನಂಬರ್ ಯಾಕೆ ಹಾರಿಸಬಾರದು?

ಮೊದಲು ಒಂದು ಸಣ್ಣ ಪರೀಕ್ಷೆ. ಬಿಳಿ ಬಟ್ಟೆಗೆ ಚೂರು ಮೆಟಲ್ ಪಾಲಿಶ್ ಹಚ್ಚಿಕೊಂಡು, ತೊಳೆದು ಒಣಗಿಸಿದ ವೀಲ್‌ನ ಒಂದು ಮೂಲೆ ಉಜ್ಜಿ. ಬಟ್ಟೆ ಕಪ್ಪಾದರೆ ಅಲ್ಲಿರುವುದು ಬರೀ ಅಲ್ಯೂಮಿನಿಯಂ. ಕಪ್ಪಾಗದಿದ್ದರೆ ಮೇಲೆ ಬಣ್ಣವೋ ಲ್ಯಾಕರೋ (ಗಾಜಿನಂಥ ಪಾರದರ್ಶಕ ಲೇಪ) ಇದೆ. ಈಗಿನ ಕಾರುಗಳಲ್ಲಿ ಬಹುತೇಕ ಇದ್ದೇ ಇರುತ್ತದೆ. ಅದರ ಮೇಲೆ ಎಷ್ಟು ಉಜ್ಜಿದರೂ ಲೋಹ ಹೊಳೆಯುವುದಿಲ್ಲ.

ವೀಲ್ ಹಾಳಾಗುವುದೂ ಅಲ್ಲಿಂದಲೇ. ಕಲ್ಲು ತಾಗಿಯೋ ಫುಟ್‌ಪಾತ್ ಅಂಚಿಗೆ ತರಚಿಯೋ ಲ್ಯಾಕರ್ ಬಿಡುತ್ತದೆ. ಆ ಸಂದಿಯಲ್ಲಿ ನೀರು, ಉಪ್ಪು ಇಳಿದು, ಒಳಗೊಳಗೇ ಬಿಳಿ ಹುಳು ಹರಿದಂತೆ ಗೆರೆಗಳು ಹಬ್ಬುತ್ತವೆ. ಕರಾವಳಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಹಾಗಾಗಿ ಹಳೇ ಲ್ಯಾಕರ್ ಪೂರ್ತಿ ತೆಗೆಯಬೇಕು. ಗ್ಲೌಸ್ ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಪೇಂಟ್ ರಿಮೂವರ್ ಬಳಸಿ. ಕಾಸ್ಟಿಕ್ ಸೋಡಾ ಮಾತ್ರ ಬೇಡವೇ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ. ಕ್ಷಾರ ಕಂಡರೆ ಈ ಲೋಹಕ್ಕೆ ಆಗಿಬರಲ್ಲ. ಇಡ್ಲಿ ಪಾತ್ರೆಯ ತಳ ಕಪ್ಪಾಗದಿರಲಿ ಅಂತ ಅಮ್ಮ ನೀರಿಗೆ ಹುಣಸೆಹಣ್ಣು ಹಾಕ್ತಾರಲ್ವಾ, ಕಾರಣ ಅದೇ.

ಬಿರುಕು ಬಿಟ್ಟ, ಸೊಟ್ಟಗಾದ ವೀಲ್‌ಗೆ ಕೈ ಹಾಕಬೇಡಿ. ಟೈರ್ ಕೂರುವ ಅಂಚನ್ನೂ ನಟ್ ಕೂರುವ ಗುಂಡಿಯನ್ನೂ ಉಜ್ಜಬಾರದು. ಡೈಮಂಡ್ ಕಟ್ ವೀಲ್ ಆದರೆ ಲೇತ್‌ನಲ್ಲಿ ಕೊರೆದ ಸಣ್ಣ ಗೆರೆಗಳೇ ಅದರ ಅಂದ. ಉಜ್ಜಿದರೆ ಹೋಯಿತು.

ಈಗ ನಿಜವಾದ ಕೆಲಸ. ವಾಟರ್ ಪೇಪರ್, ಅಂದರೆ ನೀರು ಹಾಕಿಕೊಂಡು ಉಜ್ಜುವ ಸ್ಯಾಂಡ್‌ಪೇಪರ್: 400, 600, 800, 1000, 1500, 2000. ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಪಿ-400ರ ಕಣ ಸುಮಾರು 35 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್), ಪಿ-1000ರದ್ದು 18, ಪಿ-2000ರದ್ದು 10. ಅಂದರೆ ಯಾವ ಪೇಪರೂ ಹೊಳಪು ಕೊಡುವುದಿಲ್ಲ. ಹಿಂದಿನ ಪೇಪರ್ ಮಾಡಿದ ಗೀರು ಅಳಿಸಿ, ಅದಕ್ಕಿಂತ ಸಣ್ಣ ಗೀರು ಹಾಕುತ್ತದೆ, ಅಷ್ಟೇ.

ಮೊದಲ ಸಲ ನಾನು ಸೋಮಾರಿತನಕ್ಕೆ 400ರಿಂದ ಸೀದಾ 1500ಕ್ಕೆ ಹಾರಿದೆ. ಶೆಡ್ಡಿನ ಟ್ಯೂಬ್‌ಲೈಟಿನಲ್ಲಿ ಕನ್ನಡಿ ಥರ ಇತ್ತು. ಬೆಳಗ್ಗೆ ಬಿಸಿಲಿಗೆ ತಂದರೆ ಸ್ಪೋಕ್ ತುಂಬಾ ಬೆಕ್ಕು ಪರಚಿದ ಹಾಗೆ ಗೆರೆ! ಮತ್ತೆ 600ರಿಂದ ಶುರು.

ಆಮೇಲೆ ಕಲಿತ ಉಪಾಯ ಇದು. 400ರಲ್ಲಿ ಸ್ಪೋಕ್‌ನ ಉದ್ದಕ್ಕೆ ಉಜ್ಜಿದರೆ, 600ರಲ್ಲಿ ಅಡ್ಡಕ್ಕೆ. 800ರಲ್ಲಿ ಮತ್ತೆ ಉದ್ದಕ್ಕೆ. ಅಡ್ಡ ಗೆರೆಗಳ ನಡುವೆ ಒಂದೇ ಒಂದು ಉದ್ದ ಗೆರೆ ಉಳಿದಿದ್ದರೂ ಕಣ್ಣಿಗೆ ಬೀಳುತ್ತದೆ. ಅದು ಹೋಗುವವರೆಗೂ ಪೇಪರ್ ಬದಲಿಸಬೇಡಿ. ಬದಲಿಸುವಾಗ ವೀಲ್ ತೊಳೆದು, ನೀರೂ ಚೆಲ್ಲಿ ಹೊಸದು ತುಂಬಿಸಿ. 400ರ ಒಂದು ಕಣ ಬಕೆಟ್‌ನಲ್ಲಿ ಉಳಿದರೂ ಮಾಡಿದ್ದೆಲ್ಲ ಹಾಳು. ಸಮತಟ್ಟಾದ ಕಡೆ ಪೇಪರನ್ನು ರಬ್ಬರ್ ತುಂಡಿಗೆ ಸುತ್ತಿ. ಬೆರಳಲ್ಲೇ ಒತ್ತಿದರೆ ಹಳ್ಳ ಬೀಳುತ್ತದೆ.

2000 ಮುಗಿದ ಮೇಲೆ ಮೆಟಲ್ ಪಾಲಿಶ್. ಒಂದೊಂದೇ ಸ್ಪೋಕ್ ತೆಗೆದುಕೊಳ್ಳಿ. ಬಟ್ಟೆ ಕರಿ ಮಸಿಯಾಗುತ್ತದೆ, ಗಾಬರಿ ಬೇಡ. ಅದು ಕೊಳೆಯಲ್ಲ, ಸವೆದ ಲೋಹದ ಪುಡಿ. ಪೂರ್ತಿ ಒಣಗುವ ಮುಂಚೆ ಬೇರೆ ಒಳ್ಳೆ ಬಟ್ಟೆಯಲ್ಲಿ ಒರೆಸಿ.

ಲ್ಯಾಕರ್ ಇಲ್ಲದ ಅಲ್ಯೂಮಿನಿಯಂ ಗಾಳಿಗೆ ಮತ್ತೆ ಮಂಕಾಗುತ್ತದೆ. ವ್ಯಾಕ್ಸ್ ಹಚ್ಚಿ, ಮಳೆಗಾಲದಲ್ಲಿ ಇನ್ನೂ ಬೇಗ ಬೇಗ ಹಚ್ಚುತ್ತಿರಿ. ಬ್ರೇಕ್ ಡಿಸ್ಕ್‌ಗೆ ಮಾತ್ರ ಪಾಲಿಶ್, ವ್ಯಾಕ್ಸ್ ಯಾವುದೂ ತಾಗಬಾರದು. ವೀಲ್ ಕೂರಿಸುವಾಗ ನಟ್‌ಗಳನ್ನು ಎದುರುಬದುರಾಗಿ ಬಿಗಿ ಮಾಡಿ. ಸ್ವಲ್ಪ ದೂರ ಓಡಿಸಿದ ಮೇಲೆ ಇನ್ನೊಮ್ಮೆ ಸ್ಪಾನರ್ ಹಾಕಿ ನೋಡಿ.