ಆಸ್ಟರಿಸ್ಕ್: ಚುಕ್ಕಿಯೋ, ಕಪ್ಪು ಚುಕ್ಕೆಯೋ?

ಕ್ರಿಕೆಟ್ ನೋಡಿ ಬೆಳೆದ ನಮಗೆ ಅಂಕಿಯ ಪಕ್ಕ ಸ್ಟಾರ್ ಕಂಡರೆ ಖುಷಿ. 2016ರ ಡಿಸೆಂಬರ್‌ನಲ್ಲಿ ನಮ್ಮ ಕರುಣ್ ನಾಯರ್ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಹೊಡೆದದ್ದು 303*. ಸ್ಟಾರ್ ಅಂದ್ರೆ ನಾಟೌಟ್, ಕೊನೆವರೆಗೂ ಯಾರ ಕೈಗೂ ಸಿಗಲಿಲ್ಲ ಅಂತ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಇದು ಪೂರ್ತಿ ಉಲ್ಟಾ. ಅಲ್ಲಿ ಸ್ಟಾರ್‌ಗೆ ಆಸ್ಟರಿಸ್ಕ್ ಅಂತಾರೆ. ಯಾವುದೋ ದಾಖಲೆಯ ಮಾತು ಬಂದಾಗ "ಅದಕ್ಕೊಂದು ಆಸ್ಟರಿಸ್ಕ್ ಇದೆ" ಎಂದು ಯಾರಾದರೂ ಅಂದರೆ, ಅಂಕಿ ಏನೋ ಇದೆ, ನಾನು ಮಾತ್ರ ಒಪ್ಪಲ್ಲ ಎಂದರ್ಥ. ಅರ್ಧ ಬೆಲೆ ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕ ಒಂದು ಸ್ಟಾರ್ ಹಾಕಿ, ಕೆಳಗೆ ಇರುವೆ ಗಾತ್ರದಲ್ಲಿ "ಷರತ್ತುಗಳು ಅನ್ವಯ" ಅಂತಾರಲ್ಲ, ಹೆಚ್ಚುಕಮ್ಮಿ ಅದೇ ಸ್ಟಾರ್.

ತಮಾಷೆ ಅಂದ್ರೆ, ಈ ಪದ ಮೊದಲು ಅಂಟಿಕೊಂಡದ್ದು ಯಾವ ತಪ್ಪೂ ಮಾಡದ ಮನುಷ್ಯನಿಗೆ. 1927ರಲ್ಲಿ ಬೇಬ್ ರೂತ್ ಒಂದೇ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದಿದ್ದರು (ಹೋಮ್ ರನ್ ಅಂದ್ರೆ ಸದ್ಯಕ್ಕೆ ನಮ್ಮ ಸಿಕ್ಸರ್ ಅಂದುಕೊಳ್ಳಿ). ಆಗ ಸೀಸನ್‌ಗೆ 154 ಪಂದ್ಯ. 1961ರಲ್ಲಿ ರೋಜರ್ ಮ್ಯಾರಿಸ್ 61 ಹೊಡೆದಾಗ ಪಂದ್ಯಗಳು 162 ಆಗಿದ್ದವು. 154 ದಾಟಿದ ಮೇಲೆ ದಾಖಲೆ ಮುರಿದರೆ ಅದಕ್ಕೆ ಬೇರೆ ಗುರುತು ಇರಬೇಕು ಎಂದು ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಫೋರ್ಡ್ ಫ್ರಿಕ್ ಸೀಸನ್ ನಡುವೆಯೇ ಹೇಳಿಬಿಟ್ಟರು. ಇವರು ಒಂದು ಕಾಲದಲ್ಲಿ ರೂತ್ ಹೆಸರಿನಲ್ಲಿ ಲೇಖನ ಬರೆದುಕೊಡುತ್ತಿದ್ದವರು, ಅದೂ ನೆನಪಿರಲಿ. ಸ್ಟಾರ್ ಹಾಕಿ ಅಂದದ್ದು ಪತ್ರಕರ್ತ ಡಿಕ್ ಯಂಗ್. ದಾಖಲೆ ಪುಸ್ತಕದಲ್ಲಿ ಆ ಸ್ಟಾರ್ ಅಚ್ಚಾಗಲೇ ಇಲ್ಲ. ಎರಡು ದಾಖಲೆಗಳನ್ನು ಬೇರೆ ಬೇರೆ ಬರೆದರು, ಅಷ್ಟೇ. ಆದರೆ ಜನರ ಬಾಯಲ್ಲಿ ಮ್ಯಾರಿಸ್ ಅಂದ್ರೆ ಸ್ಟಾರ್ ಅಂತಲೇ ಆಯ್ತು. 1991ರಲ್ಲಿ ಆ ಭೇದ ತೆಗೆದುಹಾಕಿದಾಗ ಅವರು ತೀರಿಕೊಂಡು ಆರು ವರ್ಷವಾಗುತ್ತ ಬಂದಿತ್ತು.

ಈಗ ನನ್ನ ಕತೆ. 1998ರಲ್ಲಿ ವೈಟುಕೆ ಪ್ರಾಜೆಕ್ಟ್ ಅಂತ ಸೇಂಟ್ ಲೂಯಿಸ್‌ನಲ್ಲಿದ್ದೆ. ಬೇಸ್‌ಬಾಲ್ ಗಂಧಗಾಳಿ ಇರಲಿಲ್ಲ. ಆದರೆ ಆ ಬೇಸಿಗೆ ಊರಿಗೆ ಊರೇ ತನ್ನ ತಂಡದ ಮಾರ್ಕ್ ಮೆಗ್ವಾಯರ್ ಹೆಸರು ಜಪಿಸುತ್ತಿತ್ತು, ಮ್ಯಾರಿಸ್ 61 ಮುರಿಯುತ್ತಾರೆ ಅಂತ. ಷಿಕಾಗೋದಿಂದ ಸ್ಯಾಮಿ ಸೋಸಾ ಬೆನ್ನಟ್ಟುತ್ತಿದ್ದರು. ಸೆಪ್ಟೆಂಬರ್ 8ರ ಸಂಜೆ ನಾವು ನಾಲ್ಕು ಜನ ಚಿತ್ರಾನ್ನದ ತಟ್ಟೆ ಹಿಡಿದು ಟೀವಿ ಮುಂದೆ ಕೂತಿದ್ದೆವು. 62ನೆಯದು. ಚೆಂಡು ಹೋದದ್ದು ಬರೀ 341 ಅಡಿ, ಎಡಗಡೆಯ ಗೋಡೆಯನ್ನು ಸವರಿಕೊಂಡು. ಆ ದೈತ್ಯ ಮನುಷ್ಯ ಸಂಭ್ರಮದಲ್ಲಿ ಮೊದಲ ಬೇಸನ್ನೇ ತುಳಿಯದೆ ಓಡಿಬಿಟ್ಟರು (ಹೋಮ್ ರನ್ ಹೊಡೆದರೂ ಮೈದಾನದ ನಾಲ್ಕೂ ಬೇಸ್ ಮುಟ್ಟಿ ಬರಲೇಬೇಕು), ಕೋಚ್ ಕೂಗಿ ಕರೆದ ಮೇಲೆ ವಾಪಸ್ ಬಂದು ಮುಟ್ಟಿ ಹೋದರು. ಮಗನನ್ನು ಎತ್ತಿಕೊಂಡರು. ಎದುರಾಳಿ ಸೋಸಾ ಓಡಿ ಬಂದು ತಬ್ಬಿಕೊಂಡರು. ಮೆಗ್ವಾಯರ್ ಗ್ಯಾಲರಿಯಲ್ಲಿ ಕೂತಿದ್ದ ಮ್ಯಾರಿಸ್ ಮಕ್ಕಳ ಹತ್ತಿರವೂ ಹೋಗಿ ಅವರನ್ನು ಅಪ್ಪಿಕೊಂಡರು. ಆಟದ ನಿಯಮ ಅರ್ಧ ಗೊತ್ತಿಲ್ಲದ ನನಗೂ ಕಣ್ಣು ತುಂಬಿತ್ತು. ಮರುದಿನದ ಪೇಪರ್ ಮಡಚಿ ಸೂಟ್‌ಕೇಸ್‌ನಲ್ಲಿ ಇಟ್ಟುಕೊಂಡೆ.

ಹಾಗಂತ ಸುಳಿವೇ ಇರಲಿಲ್ಲ ಅಂತಲ್ಲ. ಆಗಸ್ಟ್‌ನಲ್ಲೇ ಒಬ್ಬ ವರದಿಗಾರ ಮೆಗ್ವಾಯರ್ ಲಾಕರ್‌ನಲ್ಲಿ ಆಂಡ್ರೋಸ್ಟೀನ್‌ಡಯೋನ್ ಅನ್ನುವ ಸೀಸೆ ನೋಡಿ ಬರೆದಿದ್ದರು. ದೇಹದ ಒಳಗೆ ಹೋಗಿ ಟೆಸ್ಟೋಸ್ಟೆರಾನ್ ಆಗುವ ವಸ್ತು ಅದು. ಒಲಿಂಪಿಕ್ಸ್‌ನಲ್ಲಿ ನಿಷೇಧ, ಬೇಸ್‌ಬಾಲ್‌ನಲ್ಲಿ ಇಲ್ಲ. ಅಂಗಡಿಯಲ್ಲೇ ಸಿಗುತ್ತಿತ್ತು. ಜನ ಆ ವರದಿಗಾರನನ್ನೇ ಬೈದರು. ನಾನೂ ಬೈದೆ. 1994ರ ಆಟಗಾರರ ಮುಷ್ಕರದಿಂದ ವರ್ಲ್ಡ್ ಸೀರೀಸ್, ಅಂದ್ರೆ ಸೀಸನ್ ಕೊನೆಯ ಫೈನಲ್ ಸರಣಿ, ನಿಂತುಹೋಗಿ ಮುನಿಸಿಕೊಂಡಿದ್ದ ಜನ ಆಗಷ್ಟೇ ಸ್ಟೇಡಿಯಂಗೆ ವಾಪಸ್ ಬರ್ತಿದ್ರು, ಯಾರಿಗೆ ಬೇಕಿತ್ತು ಸೀಸೆ ಸುದ್ದಿ?

2005ರ ಮಾರ್ಚ್‌ನಲ್ಲಿ ಸಂಸತ್ ಸಮಿತಿಯ ಮುಂದೆ ಮೆಗ್ವಾಯರ್ ಕೂತರು. ಕೇಳಿದ್ದಕ್ಕೆಲ್ಲ ಒಂದೇ ಧಾಟಿ: ಹಳೆಯದನ್ನು ಮಾತಾಡಲು ನಾನು ಬಂದಿಲ್ಲ. ನನಗೆ ಅಲ್ಲಿಗೇ ಅರ್ಥವಾಗಿತ್ತು. 2010ರ ಜನವರಿಯಲ್ಲಿ ಒಪ್ಪಿಕೊಂಡರು, 1998ರಲ್ಲೂ ಸ್ಟೆರಾಯ್ಡ್ ತೆಗೆದುಕೊಂಡಿದ್ದೆ ಅಂತ. ಗಾಯ ಮಾಯಲಿ ಎಂದು ತಗೊಂಡೆ, ಹೋಮ್ ರನ್ ಹೇಗೂ ಹೊಡೆಯುತ್ತಿದ್ದೆ ಎಂದೂ ಸೇರಿಸಿದರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಈ ಎರಡನೇ ಮಾತಿಗೆ. 162 ಪಂದ್ಯಗಳ ಸೀಸನ್‌ನಲ್ಲಿ ಮೈ ಬೇಗ ಸುಧಾರಿಸಿಕೊಳ್ಳುವುದೇ ಅರ್ಧ ಆಟ, ಅಲ್ವಾ?

ಆಸ್ಟರಿಸ್ಕ್ ನಿಜವಾಗಿ ಕಣ್ಣಿಗೆ ಕಾಣುವ ಹಾಗೆ ಬಿದ್ದದ್ದು ಒಂದೇ ಕಡೆ. 2007ರ ಆಗಸ್ಟ್ 7ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಬ್ಯಾರಿ ಬಾಂಡ್ಸ್ ವೃತ್ತಿಜೀವನದ 756ನೇ ಹೋಮ್ ರನ್ ಹೊಡೆದು ಹ್ಯಾಂಕ್ ಆರನ್ ದಾಖಲೆ ದಾಟಿದರು. ಉದ್ದೀಪನ ಮದ್ದಿನ ತನಿಖೆಯಲ್ಲಿ ಅವರ ಹೆಸರು ಆಗಲೇ ಸುತ್ತುತ್ತಿತ್ತು. ಗೊತ್ತಿದ್ದೂ ತೆಗೆದುಕೊಂಡಿಲ್ಲ ಎಂಬುದು ಅವರ ವಾದ. ಬೇರೆ ಊರುಗಳಲ್ಲಿ ಜನ ಸ್ಟಾರ್ ಬರೆದ ರಟ್ಟು ಹಿಡಿದು ನಿಲ್ಲುತ್ತಿದ್ದರು. ಆ ಚೆಂಡನ್ನು ಬಟ್ಟೆ ವಿನ್ಯಾಸಕ ಮಾರ್ಕ್ ಎಕೋ 7,52,467 ಡಾಲರಿಗೆ ಕೊಂಡು, ಏನು ಮಾಡಲಿ ಎಂದು ಆನ್‌ಲೈನ್‌ನಲ್ಲಿ ಜನರನ್ನೇ ಕೇಳಿದರು. ಹಾಗೇ ಮ್ಯೂಸಿಯಂಗೆ ಕೊಡಲಾ, ಸ್ಟಾರ್ ಹಾಕಿ ಕೊಡಲಾ, ಇಲ್ಲ ರಾಕೆಟ್‌ನಲ್ಲಿ ಆಕಾಶಕ್ಕೆ ಹಾರಿಸಿಬಿಡಲಾ? ಸ್ಟಾರ್ ಗೆದ್ದಿತು. ಬೇಸ್‌ಬಾಲ್ ದಿಗ್ಗಜರಿಗೆ ಗೌರವ ಕೊಡುವ ಆ ಮ್ಯೂಸಿಯಂಗೆ, ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ, ಆ ಚೆಂಡು ಹೋದದ್ದು ಮೈಮೇಲೆ ಸ್ಟಾರ್ ಆಕಾರದ ಗಾಯ ಮಾಡಿಸಿಕೊಂಡೇ. ಬಾಂಡ್ಸ್ ಮಾತ್ರ ಇನ್ನೂ ಹೊರಗೆ. ಬೇಕಾದದ್ದು ಶೇ. 75 ಮತ, 2022ರ ಕೊನೇ ಬಾರಿಯ ಪತ್ರಕರ್ತರ ಮತದಾನದಲ್ಲಿ ಸಿಕ್ಕಿದ್ದು ಶೇ. 66.

ಪದ ಈಗ ಮದ್ದಿನಾಚೆಗೂ ಹೋಗಿದೆ. ಯಾವ ಎಸೆತ ಬರಲಿದೆ ಎಂದು ಎದುರಾಳಿಗಳು ತಮ್ಮತಮ್ಮಲ್ಲೇ ಮಾಡುವ ಸನ್ನೆ ಕದ್ದು ಕಸದ ಡಬ್ಬಿ ಬಡಿದು ಬ್ಯಾಟರ್‌ಗೆ ಸುಳಿವು ಕೊಟ್ಟ ಹ್ಯೂಸ್ಟನ್ ಆಸ್ಟ್ರೋಸ್ ತಂಡದ 2017ರ ಕಪ್‌ಗೂ ಜನ ಇದನ್ನೇ ಹಚ್ಚಿದರು. ತಂಡದ ಹೆಸರೂ ಪ್ರಾಸಕ್ಕೆ ಸಿಕ್ಕಿತು ನೋಡಿ.

ನಮ್ಮಲ್ಲಿ ನಕ್ಷತ್ರಕ್ಕೆ ಚುಕ್ಕಿ ಅಂತೀವಿ, ಕಳಂಕಕ್ಕೆ ಕಪ್ಪು ಚುಕ್ಕೆ ಅಂತೀವಿ. ಆಸ್ಟರಿಸ್ಕ್ ಆ ಎರಡರ ನಡುವೆ ಎಲ್ಲೋ ಇದೆ. ಅಂಕಿಯನ್ನು ಅಳಿಸುವುದಿಲ್ಲ. 1998ರ ಸೀಸನ್‌ನ ಮೆಗ್ವಾಯರ್ 70, 2001ರ ಬಾಂಡ್ಸ್ 73, ಎಲ್ಲ ಪುಸ್ತಕದಲ್ಲಿ ಇವತ್ತಿಗೂ ಹಾಗೇ ಇವೆ, ಸ್ಟಾರ್ ಇಲ್ಲದೆ. ಹಾಕಿಕೊಳ್ಳುವವರು ತಲೆಯೊಳಗೆ ಹಾಕಿಕೊಳ್ಳಬೇಕು.

2022ರಲ್ಲಿ ಆರನ್ ಜಡ್ಜ್ 62 ಹೊಡೆದಾಗ, ನಿಜವಾದ ದಾಖಲೆ ಇದೇ ಎಂದು ಮ್ಯಾರಿಸ್ ಮಗ ಬಹಿರಂಗವಾಗಿಯೇ ಹೇಳಿದರು. ಅವತ್ತು ಬೀರುವಿನಿಂದ ಹಳೆಯ ಪೇಪರ್ ತೆಗೆದೆ. ಮಡಿಕೆಗಳಲ್ಲಿ ಹರಿದಿದೆ, ಹಳದಿಯಾಗಿದೆ. ಅದರಲ್ಲೂ ದಪ್ಪಕ್ಕೆ 62 ಅಂತಲೇ ಇದೆ. ಪಕ್ಕದಲ್ಲಿ ಸಣ್ಣದೊಂದು ಸ್ಟಾರ್ ಹಾಕಿದೆ, ಪೆನ್ಸಿಲಿನಲ್ಲಿ. ಮೊದಲು ಪೆನ್ನು ಹಿಡಿದಿದ್ದೆ, ಯಾಕೋ ಕೆಳಗಿಟ್ಟೆ.