ಪುಣೆ ಮಿಸಳ್: ಕೆಂಪಗಿದ್ದ ಮಾತ್ರಕ್ಕೆ ಖಾರ ಅಂತ ಯಾರು ಹೇಳಿದ್ದು?

ಪ್ರಶ್ನೆ: ಶನಿವಾರ, ಭಾನುವಾರಕ್ಕೆ ಬೆಂಗಳೂರಿನಿಂದ ಪುಣೆಗೆ ಬರ್ತಿದ್ದೀವಿ. ಮಿಸಳ್ (ಮೊಳಕೆ ಕಾಳಿನ ಮೇಲೆ ಖಾರದ ರಸ ಹಾಕಿ ಕೊಡುವ ಮರಾಠಿ ತಿಂಡಿ) ತಿನ್ನಬೇಕು ಅಂತ ಆಸೆ. ಆದರೆ ಫೋಟೋದಲ್ಲಿ ನೋಡಿದರೆ ಮೇಲೆ ಕೆಂಪು ಎಣ್ಣೆ ತೇಲ್ತಿರುತ್ತೆ. ಮನೆಯವರಿಗೆ ಖಾರ ಆಗಿಬರಲ್ಲ. ಅಷ್ಟೊಂದು ಕೆಂಪಗಿರದ ಮಿಸಳ್ ಎಲ್ಲಿ ಸಿಗುತ್ತೆ?

ಉತ್ತರ: ಪುಣೆಯಲ್ಲಿರುವ ಕನ್ನಡದವರ ಮನೆಗೆ ಬರುವ ನೆಂಟರು ಬದಲಾಗುತ್ತಾರೆ, ಈ ಪ್ರಶ್ನೆ ಬದಲಾಗುವುದಿಲ್ಲ. ಹಾಗಾಗಿ ಇನ್ನೊಂದು ಸಲ, ಬಿಡಿಸಿ ಬಿಡಿಸಿ ಹೇಳುತ್ತೇನೆ. ನೀವು ಹುಡುಕಬೇಕಾದ್ದು ಖಾರ ಕಡಿಮೆ ಇರುವ ಮಿಸಳ್, ಕೆಂಪು ಕಡಿಮೆ ಇರುವುದನ್ನಲ್ಲ. ಎರಡೂ ಒಂದೇ ಅಂದುಕೊಂಡವರು ಹಸಿರು ರಸ್ಸಾ (ಮಿಸಳ್‌ಗೆ ಹಾಕುವ ತೆಳು ರಸ) ಬಾಯಿಗಿಟ್ಟು ಕಣ್ಣೀರು ಹಾಕಿಕೊಂಡು, ಕೆಂಪನೆಯದನ್ನು ಮುಟ್ಟದೇ ವಾಪಸ್ ಹೋಗುತ್ತಾರೆ.

ಮೆಣಸಿನಕಾಯಿಯಲ್ಲಿ ಬಣ್ಣ ಕೊಡುವ ವಸ್ತು ಬೇರೆ, ಉರಿ ಕೊಡುವ ವಸ್ತು ಬೇರೆ. ಕೆಂಪು ಬರುವುದು ಸಿಪ್ಪೆಯಲ್ಲಿರುವ ಕ್ಯಾಪ್ಸಾಂಥಿನ್‌ನಂಥ ವರ್ಣದ್ರವ್ಯಗಳಿಂದ. ಉರಿ ಬರುವುದು ಕ್ಯಾಪ್ಸೈಸಿನ್‌ನಿಂದ, ಅದಕ್ಕೆ ಬಣ್ಣವೇ ಇಲ್ಲ. ಅದು ಹುಟ್ಟುವುದು ಕಾಯಿಯ ಒಳಗೆ ಬೀಜ ಅಂಟಿಕೊಂಡಿರುವ ಬಿಳಿ ತಿರುಳಿನಲ್ಲಿ. (ಬೀಜದಲ್ಲಿ ಖಾರ ಅನ್ನುವುದೂ ಅರ್ಧ ಸುಳ್ಳೇ. ತಿರುಳಿಗೆ ತಾಗಿಕೊಂಡಿರುವುದರಿಂದ ಬೀಜಕ್ಕೆ ಖಾರ ಮೆತ್ತಿಕೊಂಡಿರುತ್ತೆ, ಅಷ್ಟೇ.) ಒಂದು ತಳಿಯಲ್ಲಿ ಬಣ್ಣ ಸಿಕ್ಕಾಪಟ್ಟೆ ಇದ್ದು ಉರಿ ಕಡಿಮೆ ಇರಬಹುದು, ಇನ್ನೊಂದರಲ್ಲಿ ಉಲ್ಟಾ.

ಇದಕ್ಕೆ ಸಾಕ್ಷಿ ಬೇಕಾದರೆ ದೂರ ಹೋಗಬೇಕಿಲ್ಲ, ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿಯೇ ಸಾಕು. ಪುಣೆಯ ಯಾವ ಕಿರಾಣಿ ಅಂಗಡಿಗೆ ಹೋಗಿ ರಂಗು ಬರುವ ಮೆಣಸಿನಕಾಯಿ ಕೇಳಿದರೂ 'ಬೇಡಗಿ ಘ್ಯಾ' (ಬೇಡಗಿ ತಗೊಳ್ಳಿ) ಅನ್ನುತ್ತಾರೆ. ಅದು ನಮ್ಮ ಬ್ಯಾಡಗಿಯೇ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಾಯಿಗೆ ಹೆಸರು ಬಂದದ್ದು ಗಾಢ ಕೆಂಪಿಗೆ, ಸೌಮ್ಯ ಖಾರಕ್ಕೆ. ಇದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತೆ. ಮಿಸಳ್ ಮೇಲೆ ತೇಲುವ ಆ ಭಯಂಕರ ಕೆಂಪು ಬಹಳಷ್ಟು ಕಡೆ ಇದರದ್ದೇ ಕೆಲಸ. ಮನೆಯಲ್ಲಿ ದಿನಾ ಸಾರಿನ ಪುಡಿಗೆ ಬ್ಯಾಡಗಿ ಹುರಿಯುವವರು ಪುಣೆಗೆ ಬಂದು ಅದೇ ಕಾಯಿಯ ಬಣ್ಣ ನೋಡಿ ಹೆದರುವುದು ಎಂಥ ವಿಚಿತ್ರ!

'ಆದರೆ ತರ್ರಿ (ಮೇಲೆ ತೇಲುವ ಆ ಕೆಂಪು ಎಣ್ಣೆ) ತೆಗೆದು ತಿಂದಾಗ ಖಾರ ಕಡಿಮೆಯಾಯ್ತಲ್ಲ' ಅಂತ ಒಬ್ಬರಾದರೂ ಕೈ ಎತ್ತುತ್ತಾರೆ. ಆಗುತ್ತೆ, ಖಂಡಿತ ಆಗುತ್ತೆ. ಬಣ್ಣವೂ ಉರಿಯೂ ಎರಡೂ ಎಣ್ಣೆಯಲ್ಲಿ ಕರಗುವಂಥವು. ಒಂದೇ ಬಸ್ಸಿನಲ್ಲಿ ಕೂತ ಇಬ್ಬರು ಪ್ರಯಾಣಿಕರು. ಎಣ್ಣೆ ತೆಗೆದರೆ ಇಬ್ಬರೂ ಇಳಿಯುತ್ತಾರೆ. ಹಾಗಂತ ಕೆಂಪೇ ಖಾರ ಅಂತ ಆಗಲಿಲ್ಲ. ಬಸ್ಸಿನಲ್ಲಿ ಉರಿ ಎಷ್ಟು ಹತ್ತಿದೆ ಅನ್ನುವುದು ಅಡುಗೆಯವನು ಬ್ಯಾಡಗಿಯ ಜೊತೆ ಏನು ಬೆರೆಸಿದ ಅನ್ನುವುದರ ಮೇಲೆ. ಕೊಲ್ಹಾಪುರಿ ಶೈಲಿಯವರು ಸಂಕೇಶ್ವರಿ ಹಾಕುತ್ತಾರೆ (ಅದೂ ನಮ್ಮ ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹೆಸರಿನದ್ದೇ), ಇಲ್ಲವೇ ಲವಂಗಿ. ಲವಂಗಿ ಗಿಡ್ಡ, ಸಣ್ಣ, ಬಣ್ಣ ಅಷ್ಟಕ್ಕಷ್ಟೆ, ಉರಿ ಮಾತ್ರ ನೆತ್ತಿಗೇರುತ್ತೆ. ಒಂದು ಚಮಚ ಲವಂಗಿ ಪುಡಿ ಇಡೀ ಪಾತ್ರೆಯ ಹಣೆಬರಹ ಬದಲಿಸಬಲ್ಲದು, ಬಣ್ಣ ಮಾತ್ರ ಮೊದಲಿದ್ದ ಹಾಗೇ ಇರುತ್ತೆ. ಅಂದಮೇಲೆ ಫೋಟೋ ನೋಡಿ ಖಾರ ಅಳೆಯುವುದು ಹೇಗೆ?

ಇನ್ನು ಎಲ್ಲಿ ತಿನ್ನುವುದು. ಖಾರ ಆಗದವರು ನಾರಾಯಣ ಪೇಠದ ಬೇಡೇಕರ್‌ನಲ್ಲಿ ಶುರು ಮಾಡಿ. ಅಲ್ಲಿನದು ಹಳೇ ಪುಣೇರಿ ಶೈಲಿ, ರಸ್ಸಾದಲ್ಲಿ ಸಿಹಿಯ ಛಾಯೆ ಇದೆ, ಜೊತೆಗೆ ಪಾವ್ ಬದಲು ಸ್ಲೈಸ್ ಬ್ರೆಡ್ ಕೊಡುತ್ತಾರೆ. ಕರ್ವೆ ರೋಡ್ ಕಡೆಯ ಕಾಟಾಕಿರ್ರ್ ಕೊಲ್ಹಾಪುರಿ ದಾರಿಯದು, ಅಲ್ಲಿ ಖಾರದ ಮಟ್ಟ ಮೊದಲೇ ಹೇಳಿ ತೆಗೆದುಕೊಳ್ಳಿ. ಕೆಂಪೇ ಇಲ್ಲದ್ದು ಬೇಕು ಅಂತ ಹಟ ಹಿಡಿದರೆ ಫಡ್ಕೆ ಹೌದ್ ಹತ್ತಿರದ ವೈದ್ಯ ಉಪಾಹಾರ ಗೃಹದ ಹೆಸರು ಹಸಿರು ಮಿಸಳ್‌ಗೇ ಪ್ರಸಿದ್ಧ. ಹಸಿಮೆಣಸಿನಕಾಯಿ, ಶುಂಠಿಯ ಖಾರ ಅದು. ಹಸಿರಾದ್ದರಿಂದ ಸಪ್ಪೆ ಅಂದುಕೊಂಡರೆ ಮೇಲೆ ಬರೆದದ್ದನ್ನೆಲ್ಲ ನೀವು ಓದಿಲ್ಲ ಅಂತಾಯ್ತು. ಎಲ್ಲಿಗೇ ಹೋದರೂ ಬೆಳಿಗ್ಗೆ ಹತ್ತರೊಳಗೆ ಹೋಗಿ. ಮಿಸಳ್ ನಾಷ್ಟಾದ ತಿಂಡಿ, ಮಧ್ಯಾಹ್ನದ ಹೊತ್ತಿಗೆ ಹಳೇ ಅಂಗಡಿಗಳಲ್ಲಿ ಪಾತ್ರೆ ತಳ ಕಾಣುತ್ತೆ. ಭಾನುವಾರ ಸಾಲು ನಿಲ್ಲಬೇಕು, ಸಾಧ್ಯವಾದರೆ ಶನಿವಾರವೇ ಮುಗಿಸಿ.

ಆರ್ಡರ್ ಮಾಡುವಾಗ ಒಂದೇ ವಾಕ್ಯ ನೆನಪಿರಲಿ: 'ತರ್ರೀ ವೇಗಳೀ ದ್ಯಾ.' ತರ್ರಿ ಬೇರೆ ಕೊಡಿ ಅಂತ. ಖಾರದ ಮಟ್ಟ ಕೇಳದ ಅಂಗಡಿಗಳಲ್ಲಿ 'ತಿಖಟ ಕಮೀ' (ಖಾರ ಕಡಿಮೆ) ಅಂದರೆ ನಕ್ಕು ಹೂಂ ಅಂದು ಎಲ್ಲರಿಗೂ ಹಾಕಿದ್ದನ್ನೇ ಹಾಕಿ ಕೊಡುವ ಸಾಧ್ಯತೆ ಇದೆ, ಯಾಕೆಂದರೆ ರಸ್ಸಾ ಒಂದೇ ಹಂಡೆಯದ್ದು, ನಿಮಗೊಬ್ಬರಿಗಾಗಿ ಖಾರ ಇಳಿಸಲು ಬರುವುದಿಲ್ಲ. ತರ್ರಿ ಬೇರೆ ಬಂದರೆ ಲಗಾಮು ನಿಮ್ಮ ಕೈಯಲ್ಲಿ.

ತಟ್ಟೆ ಬಂದ ಕೂಡಲೇ ಎಲ್ಲ ಕಲಸಿಬಿಡಬೇಡಿ. ಕೆಳಗೆ ಪೋಹೆ (ಅವಲಕ್ಕಿ) ಅಥವಾ ಆಲೂ ಭಾಜಿ, ಅದರ ಮೇಲೆ ಮೊಳಕೆ ಬಂದ ಮಡಕಿ ಕಾಳಿನ ಉಸಳ್ (ಪಲ್ಯ), ಮೇಲೆ ಫರಸಾಣ (ಸೇವು, ಮಿಕ್ಸ್ಚರ್), ಈರುಳ್ಳಿ, ಕೊತ್ತಂಬರಿ. ರಸ್ಸಾ ಒಂದು ಬದಿಗೆ ಎರಡು ಸೌಟು ಹಾಕಿ ಆ ಬದಿಯಿಂದ ತಿನ್ನುತ್ತ ಬನ್ನಿ, ಫರಸಾಣ ಗರಿಗರಿಯಾಗಿ ಉಳಿಯುತ್ತೆ. ಮುಗಿದರೆ 'ಸ್ಯಾಂಪಲ್' ಅಂತ ಕೇಳಿ. ಪುಣೆಯಲ್ಲಿ ಸ್ಯಾಂಪಲ್ ಅಂದರೆ ರುಚಿ ನೋಡಲು ಕೊಡುವ ಚೂರಲ್ಲ, ಬಟ್ಟಲು ತುಂಬ ರಸ್ಸಾ. ನಿಂಬೆ ಕೊನೆಗೆ.

ಬಾಯಿ ಉರಿದರೆ ನೀರು ಕುಡಿಯಬೇಡಿ. ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ, ಬಾಯಿತುಂಬ ಹರಡಿಕೊಳ್ಳುತ್ತೆ. ಮೊಸರು, ಮಜ್ಜಿಗೆ ಕೆಲಸ ಮಾಡುತ್ತೆ, ಹಾಲಿನಲ್ಲಿರುವ ಕೇಸೀನ್ ಅನ್ನುವ ಪ್ರೋಟೀನ್ ಅದನ್ನು ಹಿಡಿದು ತೊಳೆದುಹಾಕುತ್ತೆ. ಬಿಸಿ ಚಹಾ ಅಂತೂ ಆಗಲೇ ಬೇಡ. ನಾಲಿಗೆಯಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವೇ ಖಾರವನ್ನೂ ಗುರುತಿಸುವುದು. ಕುದಿಯುವ ರಸ್ಸಾ ಅಷ್ಟು ಉರಿಯುವುದಕ್ಕೆ ಅರ್ಧ ಕಾರಣವೂ ಇದೇ. ಎರಡು ನಿಮಿಷ ಆರಲು ಬಿಡಿ, ಅದೇ ರಸ್ಸಾ ಸಾಧುವಾಗುತ್ತೆ.

ಇಷ್ಟಾದ ಮೇಲೆ ನೀವು ಕೇಳದ ಒಂದು ಮಾತು. ಮನೆಗೆ ಹೋಗಿ ಮಿಸಳ್ ಮಾಡಿದರೆ ಆ ಕೆಂಪು ಬರುವುದೇ ಇಲ್ಲ, ಕಾಫಿ ಬಣ್ಣದ ಸಾರಾಗುತ್ತೆ, ಯಾಕೆ? ಹೋಟೆಲಿನವರು ಬಣ್ಣ ಹಾಕುತ್ತಾರೆ ಅಂತ ತೀರ್ಮಾನಿಸುವ ಮೊದಲು ನಿಮ್ಮ ಒಗ್ಗರಣೆ ನೋಡಿಕೊಳ್ಳಿ. ಹೊಗೆಯಾಡುವ ಎಣ್ಣೆಗೆ ಪುಡಿ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಸೀದು ಕಂದಾಗುತ್ತೆ, ಕಹಿಯೂ ಆಗುತ್ತೆ. ಸತ್ತ ಬಣ್ಣ ಮತ್ತೆ ಬರುವುದಿಲ್ಲ.

ನಾಲ್ಕು ಜನಕ್ಕೆ ಲೆಕ್ಕ ಹೀಗೆ. ಒಂದು ಕಪ್ ಮಡಕಿ ಕಾಳು ಎಂಟು ಗಂಟೆ ನೆನೆಸಿ, ಬಟ್ಟೆಯಲ್ಲಿ ಹನ್ನೆರಡು ಗಂಟೆ ಕಟ್ಟಿಡಿ. ಚಳಿಯಲ್ಲಿ ಹದಿನೆಂಟು ಬೇಕು. ಮೊಳಕೆ ಕಾಳಿನಷ್ಟೇ ಉದ್ದವಾದರೆ ಸಾಕು, ಬೇಯಿಸಿ ಉಸಳ್‌ಗೆ ಇಟ್ಟುಕೊಳ್ಳಿ. ಕಟ್‌ಗೆ, ಅಂದರೆ ರಸ್ಸಾಗೆ (ಹೋಳಿಗೆ ದಿನದ ಕಟ್ಟಿನ ಸಾರಿಗೆ ಮರಾಠಿಗರು ಕಟಾಚಿ ಆಮಟಿ ಅನ್ನುತ್ತಾರೆ, ಅದೇ ಪದ ಇದು) ಎರಡು ದೊಡ್ಡ ಈರುಳ್ಳಿ, ಕಾಲು ಕಪ್ ಒಣ ಕೊಬ್ಬರಿ, ಎಂಟು ಎಸಳು ಬೆಳ್ಳುಳ್ಳಿ, ಒಂದಿಂಚು ಶುಂಠಿ ಹುರಿದು ನುಣ್ಣಗೆ ರುಬ್ಬಿ. ಇದಕ್ಕಿಂತ ಹೆಚ್ಚು ರುಬ್ಬಿದ್ದು ಹಾಕಿದರೆ ರಸ ದಪ್ಪವಾಗಿ ಎಣ್ಣೆಯನ್ನು ಒಳಗೇ ಹಿಡಿದಿಡುತ್ತೆ, ತರ್ರಿ ಬಿಡುವುದಿಲ್ಲ. ಆರು ದೊಡ್ಡ ಚಮಚ ಎಣ್ಣೆ ಕಾಯಿಸಿ ಉರಿ ಆರಿಸಿ, ಅರ್ಧ ನಿಮಿಷ ಕಾಯಿರಿ. ಎರಡು ದೊಡ್ಡ ಚಮಚ ಬ್ಯಾಡಗಿ ಪುಡಿ ಹಾಕಿ ಒಂದು ಸುತ್ತು ತಿರುಗಿಸಿ, ಕೂಡಲೇ ಒಂದು ಸೌಟು ಬಿಸಿನೀರು. ಆಮೇಲೆ ರುಬ್ಬಿದ್ದು, ಒಂದು ಚಮಚ ಗೋಡಾ ಮಸಾಲೆ (ಮರಾಠಿ ಮನೆಗಳ ಮಸಾಲೆ ಪುಡಿ), ಉಪ್ಪು, ಸುಮಾರು ಒಂದೂಕಾಲು ಲೀಟರ್ ಕುದಿಯುವ ನೀರು. ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಕೊನೆಯ ಐದು ನಿಮಿಷ ಸೌಟು ಮುಟ್ಟಬೇಡಿ, ಎಣ್ಣೆ ತಾನಾಗಿ ಮೇಲೆ ಬರುತ್ತೆ. ಆರು ಚಮಚ ಎಣ್ಣೆ ಜಾಸ್ತಿಯಾಯ್ತು ಅಂತ ಎರಡಕ್ಕೆ ಇಳಿಸುವವರು ತರ್ರಿ ಬರಲಿಲ್ಲ ಅಂತ ಮತ್ತೆ ಕೇಳಬಾರದು. ಖಾರ ಬೇಕಾದವರಿಗೆ ಅರ್ಧ ಸಣ್ಣ ಚಮಚ ಲವಂಗಿ ಪುಡಿಯನ್ನು ಒಂದಿಷ್ಟು ಎಣ್ಣೆಯಲ್ಲಿ ಬೇರೆ ಬಟ್ಟಲಲ್ಲಿ ಮಾಡಿಡಿ.

ಮೆಣಸಿನಕಾಯಿ ಪುಣೆಯಲ್ಲಿ ಕೊಂಡು ಬೆಂಗಳೂರಿಗೆ ಹೊತ್ತುಕೊಂಡು ಹೋಗುವವರೂ ಇದ್ದಾರೆ! ಕಾರಿನಲ್ಲಿ ಬಂದಿದ್ದರೆ ವಾಪಸ್ ಹೋಗುವ ಹೆದ್ದಾರಿ ಮೋಟೆಬೆನ್ನೂರಿನ ಮೇಲೇ ಹಾಯುತ್ತೆ, ಬ್ಯಾಡಗಿಗೆ ಅಲ್ಲಿಂದ ಸಣ್ಣ ತಿರುವು. ಬ್ಯಾಡಗಿಯಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಕಾಯಿ ಗಿಡ್ಡ, ಉಬ್ಬಿದ್ದು, ಖಾರ ಇನ್ನೂ ಕಡಿಮೆ. ಕಡ್ಡಿ ತೆಳ್ಳಗೆ ಉದ್ದ, ಮೈಯೆಲ್ಲ ಸುಕ್ಕು. ತೊಗಲು ನುಣುಪಾಗಿ ಹೊಳೆಯುತ್ತಿದ್ದರೆ ಬೇರೆ ತಳಿ ಬೆರೆಸಿದ್ದಾರೆ ಅಂತ ಅನುಮಾನ ಪಡಿ. ಒಂದು ಕಾಯಿ ಮಡಚಿ ನೋಡಿ: ಪಟ್ಟನೆ ಮುರಿಯದೆ ಮೆತ್ತಗೆ ಬಾಗಿದರೆ ತೇವ ಇದೆ, ತೂಕವೂ ನೀರಿನದ್ದು, ತಿಂಗಳಲ್ಲಿ ಬೂಷ್ಟು ಹಿಡಿಯುತ್ತೆ. ಅಂಥದ್ದು ಕೊಂಡಾಗಿದ್ದರೆ ಎರಡು ದಿನ ಬಿಸಿಲಿಗೆ ಹರವಿ, ಆರಿದ ಮೇಲೆ ಡಬ್ಬಿಗೆ ತುಂಬಿ.